ಹಾಡಿನ ಪೆಟ್ಟಿಗೆಗೆ ತಕ್ಕ ತಂತಿ



ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಹಗಲಿರುಳೂ ತುಂಡಾಗದು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿಗಳ ಕಾರ್ಖಾನೆಗಳತ್ತ ಸಾಗುವ ನಮ್ಮ ತರುಣರಿಗೆ ದಾರಿಯುದ್ದಕ್ಕೂ ಹಾಡೇ ಸಂಗಾತಿ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಹಾಡಿನ ಆಂಪ್ಲಿಫಾಯರಿಗೆ ಬ್ಯಾಟರಿಯಿಂದ ಎಳೆದ ತಂತಿ ಎಷ್ಟು ದಪ್ಪವಿದೆ ಎಂಬುದನ್ನು ಮನೆಯ ಹಿರಿಯರು ಒಮ್ಮೆ ವಿಚಾರಿಸಬೇಕೆಂದು ಕೋರುತ್ತೇವೆ. ಹಿಂದೆ ಒಣ ರವದಿಯುಳ್ಳ ಕಬ್ಬಿನ ಹೇರು, ಮುಂದೆ ಡೀಸೆಲ್ ಟಾಕಿ. ನಡುವೆ ಕಾದ ತಂತಿಯೊಂದು ಸಾಕು, ವರ್ಷದ ದುಡಿಮೆ ಬೂದಿಯಾಗಲು.

ವಿದ್ಯುತ್ ಮಗ್ಗದ ಮನೆಗಳಲ್ಲಿ ತಂತಿಯ ಪರಿಚಯ ಇಲ್ಲದವರಿಲ್ಲ. ಆದರೆ ಆ ಅನುಭವವೇ ಇಲ್ಲಿ ದಾರಿ ತಪ್ಪಿಸಬಲ್ಲದು. ಮನೆಯ ವಿದ್ಯುತ್ತು 230 ವೋಲ್ಟಿನದು. ಬ್ಯಾಟರಿಯದು ಕೇವಲ 12 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. 480 ವ್ಯಾಟಿನ ಉಪಕರಣವು ಮನೆಯಲ್ಲಿ ಸುಮಾರು 2 ಆಂಪಿಯರ್ ಎಳೆದರೆ, ಅಷ್ಟೇ ವ್ಯಾಟಿಗೆ ಬ್ಯಾಟರಿಯಿಂದ 40 ಆಂಪಿಯರ್ ಹರಿಯಬೇಕು. ತಂತಿಯನ್ನು ಕಾಯಿಸುವುದು ಈ ಆಂಪಿಯರೇ ಹೊರತು ವ್ಯಾಟಲ್ಲ. ಆದುದರಿಂದ ‘ಮನೆಗೆ ಸಾಲುವ ವಾಯರ್ ಗಾಡಿಗೆ ಸಾಲದೇ?’ ಎಂಬ ಮಾತು ಸಲ್ಲದು.

ಆಂಪ್ಲಿಫಾಯರಿನ ಡಬ್ಬಿಯ ಮೇಲೆ ಸಾವಿರಾರು ವ್ಯಾಟ್ ಎಂದು ಅಚ್ಚಾಗಿರುವುದುಂಟು; ಅದನ್ನು ನಂಬಿ ಲೆಕ್ಕ ಮಾಡಬೇಡಿ. ಅದರ ಮೈಮೇಲಿರುವ ಫ್ಯೂಸುಗಳನ್ನು ನೋಡಿ. 20 ಆಂಪಿಯರಿನ ಎರಡು ಫ್ಯೂಸುಗಳಿದ್ದರೆ 40 ಆಂಪಿಯರಿಗೆ ತಂತಿ ಸಿದ್ಧವಿರಬೇಕು.

ಬ್ಯಾಟರಿಯಿಂದ ಪೆಟ್ಟಿಗೆಗೆ 4 ಮೀಟರ್, ಮರಳುವ ದಾರಿ 4 ಮೀಟರ್, ಒಟ್ಟು 8 ಮೀಟರ್ ಎಂದುಕೊಳ್ಳೋಣ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ 40 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಸುಮಾರು 2.2 ವೋಲ್ಟ್ ನಷ್ಟ. 88 ವ್ಯಾಟ್ ಶಾಖ ತಂತಿಯೊಳಗೇ ಹುಟ್ಟುತ್ತದೆ. ಹಾಡೂ ಒಡೆಯುತ್ತದೆ, ತಂತಿಯ ಮೇಲಿನ ಪ್ಲಾಸ್ಟಿಕ್ಕೂ ಕರಗುತ್ತದೆ. 10 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸು. 16ರದಾದರೆ ಇನ್ನೂ ಉತ್ತಮ. ಅಂಗಡಿಯಲ್ಲಿ ‘ಗೇಜ್’ ಲೆಕ್ಕದಲ್ಲಿ ಕೊಟ್ಟರೆ ಅಂಕಿ ಇಳಿದಂತೆ ದಪ್ಪ ಏರುತ್ತದೆಂಬುದು ನೆನಪಿರಲಿ: 8 ಗೇಜ್ ಎಂದರೆ ಸುಮಾರು 8 ಚದರ ಮಿಲಿಮೀಟರ್, 4 ಗೇಜ್ ಎಂದರೆ ಸುಮಾರು 21. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದನ್ನೇ ಬಳಸುವುದಾದರೆ ಇನ್ನೂ ದಪ್ಪನೆಯದು ಬೇಕು.

ಇನ್ನು ಫ್ಯೂಸ್. ಆಂಪ್ಲಿಫಾಯರಿನ ಮೈಮೇಲಿನ ಫ್ಯೂಸ್ ಅದಕ್ಕೆ ಮಾತ್ರ ಕಾವಲು. ತಂತಿಯ ಕಾವಲಿಗೆ ಬೇರೊಂದು ಫ್ಯೂಸನ್ನು ಬ್ಯಾಟರಿಯ ಧನಾಗ್ರದಿಂದ ಎರಡು ಗೇಣಿನೊಳಗೆ ಇಡತಕ್ಕದ್ದು. ಮೇಲಿನ ಉದಾಹರಣೆಗೆ 10 ಚದರ ಮಿಲಿಮೀಟರಿನ ತಾಮ್ರದ ತಂತಿಗೆ 50 ಆಂಪಿಯರಿನದು ಸರಿ. ತಂತಿ ತಗಡಿಗೆ ಉಜ್ಜಿ ಸವೆದು ಶಾರ್ಟ್ ಆದರೆ ಈ ಫ್ಯೂಸೇ ಮೊದಲು ಸುಟ್ಟು ಗಾಡಿಯನ್ನು ಉಳಿಸುತ್ತದೆ. ಸುಟ್ಟ ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವ ರೂಢಿಯು ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಂತೆ.

ತಗಡಿನ ರಂಧ್ರದಲ್ಲಿ ತಂತಿ ಹಾಯುವಲ್ಲಿ ರಬ್ಬರ್ ಬುಶ್ ಇರಲಿ. ಮರಳುವ ಋಣದ ತಂತಿಯೂ ಅಷ್ಟೇ ದಪ್ಪವಿರಲಿ. ಅದನ್ನು ಬಣ್ಣ ಕೆರೆದ ಲೋಹಕ್ಕೇ ಬಿಗಿಯಬೇಕು. ಅರ್ಧ ಗಂಟೆ ಹಾಡು ಹಚ್ಚಿದ ಮೇಲೆ ಹಾಡು ನಿಲ್ಲಿಸಿ ತಂತಿಯನ್ನು ಮುಟ್ಟಿ ನೋಡಿ. ಕೈಗೆ ಬಿಸಿಯೆನಿಸಿದರೆ ಅದು ತೆಳುವಾಯಿತೆಂದೇ ಅರ್ಥ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಕಾಯುವಾಗ ಎಂಜಿನ್ ನಿಲ್ಲಿಸಿ ಹಾಡು ನಡೆಸಿದರೆ ಬ್ಯಾಟರಿ ಬರಿದಾಗುವುದೆಂಬುದನ್ನೂ ಮಕ್ಕಳಿಗೆ ತಿಳಿಸಿ.

ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿದು ತಂತಿಗೆ ನೂರಿನ್ನೂರು ಉಳಿಸುವುದು ಉಳಿತಾಯವಲ್ಲ. ಈ ಹಂಗಾಮಿನ ಮೊದಲ ಹೇರು ಹೊರಡುವ ಮುನ್ನ ತಿಳಿದ ಎಲೆಕ್ಟ್ರಿಶಿಯನ್‌ನಿಂದ ತಂತಿ, ಫ್ಯೂಸುಗಳನ್ನು ಪರೀಕ್ಷಿಸಿಕೊಳ್ಳಬೇಕೆಂದು ಪ್ರತಿಯೊಂದು ಮನೆಯವರಲ್ಲಿಯೂ ವಿನಂತಿಸುತ್ತೇವೆ.