ಕೇಂದ್ರಭಂಡಾರವೊಂದೇ ಸಾಲದು

ಬೃಹತ್ ಜಾಲತಾಣಗಳ ಕಾನ್ಫಿಗರೇಶನ್ ಮೌಲ್ಯಗಳನ್ನೆಲ್ಲ ಒಂದೇ ಕೇಂದ್ರಭಂಡಾರದಲ್ಲಿರಿಸಿ, ಅಲ್ಲಿ ಮಾಡಿದ ಬದಲಾವಣೆಯು ಕ್ಷಣಾರ್ಧದಲ್ಲಿ ಸಹಸ್ರಾರು ಸರ್ವರುಗಳನ್ನು ಮುಟ್ಟುವಂತೆ ಮಾಡಿದರೆ ನಿರ್ವಹಣೆಯ ತೊಡಕೆಲ್ಲ ನೀಗುವುದೆಂದು ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದನ್ನು ನಾನು ಒಪ್ಪಲಾರೆ. ಒಂದೇ ಡೇಟಾಬೇಸಿನ ವಿಳಾಸವು ಹತ್ತು ಕಡತಗಳಲ್ಲಿ ಹತ್ತು ವಿಧವಾಗಿ ಉಳಿದುಬಿಡುವ ಅನರ್ಥವನ್ನು ಅವರು ವರ್ಣಿಸಿದ್ದು ಯಥಾರ್ಥವೇ. ಆದರೆ ಅವರು ಗುಣವೆಂದು ಕೊಂಡಾಡಿದ ಆ ವೇಗದಿಂದಲೇ ದೋಷವೂ ಹರಡಬಲ್ಲದೆಂಬುದನ್ನು ಅವರು ಎಣಿಸಲೇ ಇಲ್ಲ.

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಸ್ತಬ್ಧವಾಯಿತಷ್ಟೆ. ಮೂಲಭಂಡಾರದಲ್ಲಿ ಬದಲಿಸಿದ ಮೌಲ್ಯವೊಂದು ಅಸಿಂಧುವೆಂದು ಕಂಡೊಡನೆ ಪ್ರತಿಯೊಂದು ಯಂತ್ರವೂ, ಕ್ಯಾಶ್‌ನಲ್ಲಿದ್ದ ಪ್ರತಿಯೇ ಕೆಟ್ಟಿತೆಂದು ಬಗೆದು, ಅದನ್ನು ಸರಿಪಡಿಸಲು ಡೇಟಾಬೇಸಿನತ್ತ ಧಾವಿಸಿತು. ಸೆಕೆಂಡಿಗೆ ಲಕ್ಷಾಂತರ ಪ್ರಶ್ನೆಗಳ ಭಾರಕ್ಕೆ ಡೇಟಾಬೇಸು ಬಳಲಿ ದೋಷಸಂದೇಶವನ್ನು ಮರಳಿಸಿದರೆ, ಯಂತ್ರವು ಅದನ್ನೂ ಅಸಿಂಧು ಮೌಲ್ಯವೆಂದೇ ತಿಳಿದು ಕ್ಯಾಶ್‌ನ ನಮೂದನ್ನು ಅಳಿಸಿ ಮತ್ತೆ ಅಲ್ಲಿಗೇ ಹೋಯಿತು. ಮೂಲದ ತಪ್ಪನ್ನು ತಿದ್ದಿದ ಬಳಿಕವೂ ಈ ಚಕ್ರ ನಿಲ್ಲದೆ, ಕಡೆಗೆ ತಾಣವನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ಭಂಡಾರವಿತ್ತು, ವೇಗವಿತ್ತು, ಸ್ವಯಂಚಾಲಿತ ಪರಿಶೀಲನೆಯೂ ಇತ್ತು. ಕೇಡನ್ನು ಹಬ್ಬಿಸಿದ್ದು ಆ ಪರಿಶೀಲನೆಯೇ.

ಆದುದರಿಂದ ಸೆಟ್ಟಿಂಗಿನ ಒಂದು ಸಾಲನ್ನು ಬದಲಿಸುವುದನ್ನೂ ಕೋಡನ್ನು ಬದಲಿಸುವಷ್ಟೇ ಗುರುತರವೆಂದು ಭಾವಿಸಿ, ಇನ್ನೊಬ್ಬರ ವಿಮರ್ಶೆಗೆ ಒಪ್ಪಿಸಿ, ಮೊದಲು ಕೆಲವೇ ಸರ್ವರುಗಳಲ್ಲಿ ಪರೀಕ್ಷಿಸಿ, ಹೊಸ ಮೌಲ್ಯವು ಕೆಟ್ಟಿದ್ದಲ್ಲಿ ಯಂತ್ರವು ತನ್ನ ಬಳಿಯಿರುವ ಹಿಂದಿನ ಸರಿಯಾದ ಮೌಲ್ಯದಿಂದಲೇ ನಡೆಯುವಂತೆ ಏರ್ಪಡಿಸುವವರೆಗೆ, ಲೇಖಕರು ಸೂಚಿಸುವ ಭಂಡಾರಕ್ಕೆ ನನ್ನ ಹೊಣೆಯಲ್ಲಿರುವ ಒಂದು ಸರ್ವರನ್ನೂ ನಾನು ಜೋಡಿಸಲಾರೆ.