ಉಪ್ಪು ನೂಕುವ ಪಂಪು, ಬಡವರ ನೋವು

ಗುಳಿಗೆ ನುಂಗಲಾರದ ಸ್ಥಿತಿಗೆ ಬಂದ ಕ್ಯಾನ್ಸರ್ ರೋಗಿಗೆ ನೋವು ತಡೆಯುವ ಮಾರ್ಫೀನನ್ನು ಚರ್ಮದಡಿ ಹನಿಹನಿಯಾಗಿ, ಹಗಲಿರುಳು ಕೊಡಬೇಕಾಗುತ್ತದೆ. ಇದಕ್ಕೆ ಬ್ಯಾಟರಿಯ ಪುಟ್ಟ ಪಂಪುಗಳೇನೋ ಇವೆ. ಆದರೆ ಅವುಗಳ ಬೆಲೆ ಕೂಲಿಕಾರನ ಕೈಗೆ ನಿಲುಕದು. ಕೆಟ್ಟರೆ ರಿಪೇರಿಗೆ ಪಟ್ಟಣಕ್ಕೇ ಹೋಗಬೇಕು. ಹಳ್ಳಿಯ ರೋಗಿ ಕೊನೆಯ ದಿನಗಳನ್ನು ನರಳುತ್ತ ಕಳೆಯುವುದನ್ನು ವಿಧಿಯೆಂದು ನಾವು ಒಪ್ಪಲಾರೆವು.

ವಿದ್ಯುತ್ತಾಗಲಿ ಮೋಟಾರಾಗಲಿ ಬೇಡದ ಪಂಪಿನ ತತ್ತ್ವ ಬಹುಕಾಲದಿಂದ ತಿಳಿದಿರುವುದೇ. ಉಪ್ಪಿಗೆ ಹಾಕಿದ ಮಾವಿನ ಮಿಡಿ ನೀರು ಬಿಟ್ಟು ಸುರುಟುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ನೀರನ್ನೆಳೆಯುವ ಈ ಬಲಕ್ಕೆ ಅಭಿಸರಣ ಒತ್ತಡವೆಂದು ಹೆಸರು. ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆಯ ಹಿಂದೆ ಉಪ್ಪನ್ನಿಟ್ಟರೆ ನೀರು ಒಳನುಗ್ಗುತ್ತದೆ. ಆ ಒತ್ತಡ ಪಕ್ಕದ ರಬ್ಬರು ಚೀಲದ ಔಷಧಿಯನ್ನು ಸಣ್ಣ ರಂಧ್ರದಿಂದ ಹೊರನೂಕುತ್ತದೆ. 1955ರಲ್ಲಿ ಆಸ್ಟ್ರೇಲಿಯದ ರೋಸ್ ಮತ್ತು ನೆಲ್ಸನ್ ಇಂಥದೊಂದು ಪಂಪನ್ನು ವಿವರಿಸಿದರು. 1970ರ ದಶಕದಲ್ಲಿ ಅಮೆರಿಕದ ಆಲ್ಜಾ ಕಂಪನಿಯ ಫೆಲಿಕ್ಸ್ ಥೀವೆಸ್ ಅದನ್ನು ಗುಳಿಗೆಯ ರೂಪಕ್ಕಿಳಿಸಿದರು. ಚರ್ಮದಡಿ ಇಟ್ಟರೆ ಒಂದು ವರ್ಷ ಔಷಧಿ ಕೊಡುವ ವಿಯಾಡರ್ ಎಂಬ ಕೊಳವೆಗೆ 2000ದಲ್ಲಿ ಅಮೆರಿಕ ಸರ್ಕಾರ ಅನುಮತಿಯಿತ್ತಿತು. ಕೆಲವೇ ವರ್ಷಗಳಲ್ಲಿ ಮಾರುವವರು ಅದನ್ನು ಕೈಬಿಟ್ಟರು.

ಇಷ್ಟು ಸರಳವಾದರೆ ಮೈಗೆ ಕಟ್ಟಿಕೊಳ್ಳುವ ಪಂಪು ಬಡವರಿಗೇಕೆ ಸಿಕ್ಕಿಲ್ಲವೆಂದು ಓದುಗರು ಕೇಳಬಹುದು. ತೊಡಕುಗಳಿವೆ, ಮರೆಮಾಚುವುದು ಬೇಡ. ಶಾಖ ಏರಿದಂತೆ ಪೊರೆಯಲ್ಲಿ ನೀರು ಬೇಗ ಹಾಯುತ್ತದೆ. ಚರ್ಮದಡಿಯ ಪಂಪಿಗೆ ದೇಹದ 37 ಡಿಗ್ರಿ ಶಾಖ ಸ್ಥಿರವಾಗಿ ದೊರೆಯುತ್ತದೆ. ತೋಳಿಗೆ ಕಟ್ಟಿದ ಪಂಪಿಗೆ ಹೊರಗಿನ ಹವೆಯೇ ಗತಿ. ತಂಪು ದೇಶದ ಪ್ರಯೋಗಶಾಲೆಯಲ್ಲಿ ಅಳೆದದ್ದು ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮಾರ್ಫೀನನ್ನು ಹೆಚ್ಚು ನೂಕಿದರೆ ರೋಗಿಯ ಉಸಿರೇ ನಿಂತೀತು. ಈ ಪಂಪು ನಡೆಯತೊಡಗಲು ಕೆಲವು ಗಂಟೆಗಳು ಬೇಕು. ನಡೆಯತೊಡಗಿದರೆ ಥಟ್ಟನೆ ನಿಲ್ಲದು. ಕೊಳವೆಯನ್ನು ಹಿಸುಕಿ ಕಟ್ಟಿದರೆ ಒಳಗೆ ಒತ್ತಡ ಬೆಳೆದು, ಬಿಟ್ಟೊಡನೆ ಔಷಧಿ ಒಮ್ಮೆಲೇ ನುಗ್ಗುವ ಭಯವಿದೆ.

ಈ ಕಾರಣದಿಂದಲೇ ಅದರ ವಿನ್ಯಾಸ ಇಲ್ಲಿ, ನಮ್ಮ ಬಿಸಿಲಿನಲ್ಲಿ ಆಗಬೇಕೆಂದು ನಾವು ಹೇಳುವುದು. ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಮಾದಕವಸ್ತು ಕಾಯಿದೆಗೆ 2014ರಲ್ಲಿ ಬಂದ ತಿದ್ದುಪಡಿ ಆಸ್ಪತ್ರೆಗಳಿಗೆ ಮಾರ್ಫೀನ್ ದೊರೆಯುವ ದಾರಿಯನ್ನು ಸರಳಗೊಳಿಸಿತು. ರೋಗಿಯ ಮನೆಗೇ ಹೋಗಿ ನೋವು ತಗ್ಗಿಸುವ ಕೆಲಸ ನೆರೆಹೊರೆಯವರ ನೆರವಿನಿಂದ ಸಾಧ್ಯವೆಂದು, 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಸಂಘ ತೋರಿಸಿಕೊಟ್ಟಿದೆ.

ಕೊರತೆಯಿರುವುದು ಇಚ್ಛೆಗೆ. ಜನರ ತೆರಿಗೆಯಿಂದ ನಡೆಯುವ ಪ್ರಯೋಗಾಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಬಯಲುಸೀಮೆಯ ಬೇಸಿಗೆಯಲ್ಲೂ ಮಲೆನಾಡಿನ ಚಳಿಯಲ್ಲೂ ಪಂಪನ್ನು ಪರೀಕ್ಷಿಸಬೇಕು. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಪಳಗಲಿ, ಆಮೇಲೆ ಮನೆಗಳಿಗೆ ಹೋಗಲಿ. ಅದರ ನಕ್ಷೆ ಯಾರೊಬ್ಬರ ಸ್ವತ್ತೂ ಆಗಕೂಡದು. ಮುಂದಿನ ಅಧಿವೇಶನದಲ್ಲಿ ಇದಕ್ಕಾಗಿ ಹಣ ಕೇಳುವಂತೆ ನಮ್ಮ ಶಾಸಕರನ್ನು ಆಗ್ರಹಪಡಿಸುತ್ತೇವೆ.