ಸ್ಥೂಲಕಾಯವು ಅಪರಾಧವೆ?

ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಆಹಾರದ ವಿಷಯವಾಗಿ ಮಾತನಾಡಿದ ಮಾನ್ಯರೊಬ್ಬರು, ದಪ್ಪನಾದ ಮೈಯೆಂಬುದು ಬಾಯಿಚಪಲಕ್ಕೂ ಆಲಸ್ಯಕ್ಕೂ ಬಿದ್ದ ಮುದ್ರೆಯೆಂದೂ, ಮನಸ್ಸನ್ನು ಗಟ್ಟಿಮಾಡಿಕೊಂಡು ಎರಡು ತಿಂಗಳು ಊಟವನ್ನು ಅರ್ಧಕ್ಕಿಳಿಸಿದರೆ ಯಾರು ಬೇಕಾದರೂ ತೆಳ್ಳಗಾಗಬಹುದೆಂದೂ, ಆಗದವರು ದೃಢಚಿತ್ತರಲ್ಲವೆಂದೂ ಅಪ್ಪಣೆ ಕೊಡಿಸಿದರು. ಸಭಿಕರು ಕೈತಟ್ಟಿದರು. ಮುಂದಿನ ಸಾಲಿನಲ್ಲಿದ್ದ, ತುಸು ಸ್ಥೂಲಕಾಯದ ಗೃಹಿಣಿಯೊಬ್ಬರು ಸೆರಗನ್ನು ಮೈತುಂಬ ಹೊದೆದುಕೊಂಡು ತಲೆ ತಗ್ಗಿಸಿದುದನ್ನು ನಾನು ಕಂಡೆನು. ಆ ಚಪ್ಪಾಳೆಯು ತಪ್ಪೆಂದು ತೋರಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಭಾಷಣಕಾರರಲ್ಲಿ ನನಗೆ ಗೌರವವುಂಟು. ಅವರ ಮತದಲ್ಲಿ ಇಲ್ಲ.

ತಮ್ಮ ಮಾತಿಗೆ ಆಧಾರವಾಗಿ ಅವರು ಚರಕಾಚಾರ್ಯರನ್ನು ಕರೆದರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನನ್ನು ನಿಂದಿತರಲ್ಲಿ ಎಣಿಸಿರುವುದು ನಿಜ. ಆದರೆ ಗ್ರಂಥವನ್ನು ಅರ್ಧ ಓದಿ ಮುಚ್ಚುವುದು ವಿದ್ಯಾರ್ಥಿಯ ದೋಷ. ಉಪನ್ಯಾಸಕರಿಗೆ ಅದು ಸಲ್ಲದು. ಆ ಎಂಟು ಮಂದಿ ನಿಂದಿತರಲ್ಲಿ ಅತಿ ಎತ್ತರದವನೂ ಅತಿ ಕುಳ್ಳನೂ ಅತಿ ಕಪ್ಪಾದವನೂ ಅತಿ ಬಿಳಿದಾದವನೂ ಇದ್ದಾರೆ. ಎತ್ತರದವನಿಗೆ ಮನಸ್ಸು ಗಟ್ಟಿಮಾಡಿ ಗಿಡ್ಡನಾಗೆಂದು ಯಾರಾದರೂ ಬೋಧಿಸುವರೆ? ಅಲ್ಲಿಯೇ ಅತಿಕೃಶನೂ ಇದ್ದಾನೆ. ಅವನ ರೋಗಗಳನ್ನೂ ಆಚಾರ್ಯರು ವಿಸ್ತಾರವಾಗಿ ಹೇಳಿದ್ದಾರೆ. ಇನ್ನೂ ಮುಖ್ಯವಾದುದೇನೆಂದರೆ, ಸ್ಥೌಲ್ಯದ ಕಾರಣಗಳನ್ನು ಹೇಳುವಾಗ ಅತಿಭೋಜನ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವಿಕೆ ಇವುಗಳ ಸಂಗಡ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದುದನ್ನೂ, ಅವರು ಎಣಿಸಿದ್ದಾರೆ. ಮೇದಸ್ಸು ಸ್ರೋತಸ್ಸುಗಳನ್ನು ತಡೆಯುವುದರಿಂದ ವಾಯುವು ಕೋಷ್ಠದಲ್ಲಿ ಸಂಚರಿಸಿ ಅಗ್ನಿಯನ್ನು ಕೆರಳಿಸುತ್ತದೆ, ಆದುದರಿಂದ ಸ್ಥೂಲನಿಗೆ ಹಸಿವು ಹೆಚ್ಚುತ್ತದೆ ಎಂದೂ ಹೇಳಿದ್ದಾರೆ. ಹಸಿವು ಅವನ ದುರ್ಗುಣವಲ್ಲ, ವ್ಯಾಧಿಯ ಲಕ್ಷಣ ಎಂದಾಯಿತು. ಚಿಕಿತ್ಸೆಯಲ್ಲಿಯೂ ಹೊಟ್ಟೆಯನ್ನು ಬರಿದುಮಾಡೆಂದು ಹೇಳಲಿಲ್ಲ. ಹೊಟ್ಟೆಯಲ್ಲಿ ನಿಂತು ಹಸಿವನ್ನು ತಣಿಸಬೇಕು, ಆದರೆ ಮೇದಸ್ಸನ್ನು ಬೆಳೆಸಬಾರದು, ಅಂಥ ಆಹಾರವನ್ನು ಕೊಡಬೇಕೆಂದು ಜವೆಗೋಧಿ, ಹಾರಕ, ಹೆಸರು, ಹುರುಳಿ ಮುಂತಾದವನ್ನು ವಿಧಿಸಿ, ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದರು. ಎರಡು ತಿಂಗಳ ಗಡುವನ್ನು ಅವರು ಎಲ್ಲಿಯೂ ಹಾಕಲಿಲ್ಲ.

ಪ್ರಾಚೀನರ ಮಾತು ಹಾಗಿರಲಿ, ನವೀನರನ್ನು ಕೇಳೋಣ ಎನ್ನುವಿರಾದರೆ, ಅವರ ಸಾಕ್ಷ್ಯವು ಇನ್ನೂ ಪ್ರಬಲವಾಗಿದೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು, ಯುದ್ಧಮಾಡಲು ಧರ್ಮಬುದ್ಧಿಯಿಂದ ನಿರಾಕರಿಸಿದ್ದ 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಸರ್ಕಾರವನ್ನೇ ಎದುರಿಸಿ ತಮ್ಮ ನಿಶ್ಚಯಕ್ಕೆ ನಿಂತವರು ದೃಢಚಿತ್ತರಲ್ಲವೆಂದು ಯಾರೂ ಹೇಳಲಾರರು. ಅವರ ತೂಕವು ಸುಮಾರು ಕಾಲುಭಾಗ ಇಳಿಯಿತು. ಅದರೊಡನೆ ಅವರ ಮನಸ್ಸೂ ಕುಸಿಯಿತು. ಹಗಲಿರುಳೂ ಅನ್ನದ ಧ್ಯಾನ. ಅಡಿಗೆಯ ಪುಸ್ತಕಗಳನ್ನು ಓದುವುದು, ತಟ್ಟೆಯನ್ನು ನೆಕ್ಕುವುದು, ಕ್ಷುಲ್ಲಕ ಕಾರಣಕ್ಕೆ ಸಿಡುಕುವುದು, ಮಿತ್ರರಿಂದ ದೂರವಾಗುವುದು. ಮತ್ತೆ ಅನ್ನವನ್ನು ಕೊಟ್ಟಾಗ ಹೊಟ್ಟೆ ತುಂಬಿದರೂ ತೃಪ್ತಿಯಾಗದೆ ಉಂಡರು. ಕೊನೆಗೆ ಅವರಲ್ಲಿ ಕೊಬ್ಬು ಮೊದಲಿಗಿಂತಲೂ ಹೆಚ್ಚಾಗಿ ಬೆಳೆಯಿತು. ಉಪವಾಸದ ಪಥ್ಯವನ್ನು ಬಿಟ್ಟ ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಇದನ್ನೇ ಕಂಡು ನಾವು ಏನೆನ್ನುತ್ತೇವೆ? ‘ತಿನ್ನುವ ಚಪಲ’ ಎನ್ನುತ್ತೇವೆ.

ದೇಹವೂ ಸುಮ್ಮನಿರುವುದಿಲ್ಲ. ತೂಕ ಇಳಿಸುವ ಪಂತವನ್ನು ದೂರದರ್ಶನದಲ್ಲಿ ತೋರಿಸುವ ಅಮೆರಿಕದ ಸ್ಪರ್ಧೆಯೊಂದರಲ್ಲಿ ಪಾಲುಗೊಂಡ 14 ಮಂದಿಯನ್ನು ಆರು ವರ್ಷಗಳ ಮೇಲೆ ಪರೀಕ್ಷಿಸಿದ ವರದಿಯು 2016ರಲ್ಲಿ ಪ್ರಕಟವಾಯಿತು. ಸರಾಸರಿ 58 ಕಿಲೋಗ್ರಾಂ ಇಳಿಸಿದ್ದವರು 41ನ್ನು ಮರಳಿ ಪಡೆದಿದ್ದರು. ಆಶ್ಚರ್ಯವೇನೆಂದರೆ, ಆರು ವರ್ಷಗಳಾದ ಮೇಲೆಯೂ ಅವರ ದೇಹವು ತನ್ನ ಗಾತ್ರಕ್ಕೆ ಸಹಜವಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಗಳಷ್ಟು ಕಡಿಮೆ ಶಕ್ತಿಯನ್ನು ವ್ಯಯಿಸುತ್ತಿದ್ದಿತು. ತೂಕ ಇಳಿಸಿಕೊಂಡವರಲ್ಲಿ ಹಸಿವನ್ನು ಹುಟ್ಟಿಸುವ ಹಾರ್ಮೋನುಗಳು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲವೆಂದು 2011ರ ಮತ್ತೊಂದು ಅಧ್ಯಯನವು ತೋರಿಸಿತು. ಕ್ಷಾಮವು ಬಂದಿತೆಂದು ಭಾವಿಸಿ ಮಿತವ್ಯಯ ಮಾಡುವ ಗೃಹಸ್ಥನಂತೆ ದೇಹವು ವರ್ತಿಸುತ್ತದೆ. ಇದು ಪ್ರಕೃತಿಯ ಜಾಗರೂಕತೆ. ಇದಕ್ಕೆ ಆಲಸ್ಯವೆಂದು ಹೆಸರಿಡುವುದು ಅನ್ಯಾಯ.

ಇನ್ನು ಮನಸ್ಸಿನ ವಿಚಾರ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಷೇಕ್ ಕುಡಿಸಿ, ಬಳಿಕ ಐಸ್‌ಕ್ರೀಮನ್ನು ಮುಂದಿಟ್ಟರು. ಪಥ್ಯದ ಗೊಡವೆಯಿಲ್ಲದವರು ಹೊಟ್ಟೆ ತುಂಬಿದುದರಿಂದ ಸ್ವಲ್ಪವೇ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು ಮಿಲ್ಕ್‌ಷೇಕ್ ಕುಡಿದ ಮೇಲೆಯೇ ಹೆಚ್ಚಾಗಿ ತಿಂದರು. ವ್ರತ ಹೇಗೂ ಕೆಟ್ಟಿತು, ಇನ್ನೇನು ಉಳಿಯಿತು ಎಂಬ ಭಾವ. ಭಗವದ್ಗೀತೆಯ ಎರಡನೆಯ ಅಧ್ಯಾಯವನ್ನು ಓದಿದವರಿಗೆ ಇದು ಹೊಸದಲ್ಲ. ನಿರಾಹಾರನಾದವನಿಂದ ವಿಷಯಗಳು ತೊಲಗಿದರೂ ರುಚಿಯು ತೊಲಗುವುದಿಲ್ಲವೆಂದು ಭಗವಂತನು ಅಲ್ಲಿ ಹೇಳಿದ್ದಾನೆ. ಏಕಾದಶಿಯ ಉಪವಾಸಕ್ಕೂ ಈ ಉಪವಾಸಕ್ಕೂ ಇರುವ ಭೇದವೂ ಇದೇ. ಅಲ್ಲಿ ಮರುದಿನ ಪಾರಣೆಯುಂಟು, ಮನೆಮಂದಿಯೆಲ್ಲರ ಸಹವಾಸವುಂಟು, ಮನಸ್ಸಿಗೆ ಬೇರೆ ಆಲಂಬನವುಂಟು. ಇಲ್ಲಿ ಪಾರಣೆಯೇ ಪಾಪ, ಕನ್ನಡಿಯೇ ದೇವರು, ಆ ದೇವರು ಎಂದೂ ಪ್ರಸನ್ನನಾಗುವುದಿಲ್ಲ.

ಕನ್ನಡಿಯ ಈ ಪೂಜೆಯನ್ನು ಕಲಿಸುವವರು ಯಾರು? ಫಿಜಿ ದ್ವೀಪದ ನಡ್ರೋಗ ಪ್ರಾಂತದಲ್ಲಿ ಪುಷ್ಟವಾದ ಮೈಯನ್ನೇ ಚೆಲುವೆಂದು ಎಣಿಸುತ್ತಿದ್ದರು. ಅಲ್ಲಿಗೆ 1995ರಲ್ಲಿ ದೂರದರ್ಶನವು ಬಂದಿತು. ಆ ವರ್ಷ ಶಾಲೆಯ ಹುಡುಗಿಯರಲ್ಲಿ, ತೂಕವನ್ನು ಹಿಡಿತದಲ್ಲಿಡಲು ಬೇಕೆಂದೇ ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ನೂರಕ್ಕೆ 11 ಮಂದಿ ಹಾಗೆ ಮಾಡುತ್ತಿದ್ದರೆಂದು ಆನ್ ಬೆಕರ್ ಎಂಬ ವೈದ್ಯವಿದುಷಿಯು ವರದಿಮಾಡಿದಳು. ನಮ್ಮಲ್ಲಿ ಈ ಕಾರ್ಯಕ್ಕೆ ದೂರದರ್ಶನವೂ ಬೇಕಾಗಿಲ್ಲ. ಮನೆಯ ಜಗಲಿಯೇ ಸಾಕು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನು ತಿಂದು ಕೈತೊಳೆದುಕೊಳ್ಳುತ್ತಾ ‘ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಮೈ ಇಳಿಸಿದರೆ ಆಯಿತು’ ಎಂದು ಹೇಳಿ ಹೋಗುತ್ತಾರೆ. ಅವರಿಗೆ ಅದು ಒಂದು ಮಾತು. ಅವಳಿಗೆ ಅದು ಹತ್ತು ವರ್ಷದ ಅನ್ನ.

ಪರರನ್ನು ದೂಷಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಉಪಾಧ್ಯಾಯನಾಗಿದ್ದಾಗ ತರಗತಿಯ ದಪ್ಪ ಹುಡುಗನೊಬ್ಬನನ್ನು ನಾನು ‘ಲಂಬೋದರ’ ಎಂದು ಕರೆಯುತ್ತಿದ್ದೆನು. ಹುಡುಗರು ನಗುತ್ತಿದ್ದರು, ಅವನೂ ನಗುತ್ತಿದ್ದನು. ನಕ್ಕುದರಿಂದ ನೋವಿಲ್ಲವೆಂದು ತಿಳಿದೆನು. ವರ್ಷಕ್ಕೊಮ್ಮೆ ಲಂಬೋದರನಿಗೆ ಮೋದಕವನ್ನು ನಿವೇದಿಸಿ ಕೈಮುಗಿಯುವವನು, ಅದೇ ಹೆಸರನ್ನು ಬಾಲಕನೊಬ್ಬನ ಅಪಮಾನಕ್ಕೆ ಬಳಸಿದೆನು. ಹೋದ ವರ್ಷ ನನ್ನ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ‘ಹಸಿವಿಲ್ಲ ತಾತ’ ಎಂದು ದಿನವೂ ತಟ್ಟೆಯನ್ನು ಸರಿಸುತ್ತಿದ್ದಳು. ಒಂದು ಬೆಳಗ್ಗೆ ಬಚ್ಚಲಿನ ಬಾಗಿಲಲ್ಲಿ ತಲೆಸುತ್ತಿ ಬಿದ್ದಳು. ವೈದ್ಯರು ರಕ್ತಹೀನತೆಯೆಂದರು. ‘ಯಾಕಮ್ಮ ಹೀಗೆ ಮಾಡಿದೆ?’ ಎಂದು ಕೇಳಿದಾಗ, ‘ಅತ್ತೆಯ ಮದುವೆಯ ಫೋಟೋದಲ್ಲಿ ನನ್ನನ್ನು ನೋಡಿ ಎಲ್ಲರೂ ನಕ್ಕರು, ನೀವೂ ನಕ್ಕಿರಿ’ ಎಂದಳು. ನನಗೆ ನೆನಪೇ ಇರಲಿಲ್ಲ. ಅವಳಿಗೆ ಇತ್ತು.

ಈ ನಾಚಿಕೆಯ ಮೇಲೆ ವ್ಯಾಪಾರವು ಹೇಗೆ ನಡೆದಿದೆಯೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಸ್ಫೋಟಕಗಳ ತಯಾರಿಕೆಯಲ್ಲಿ ಬಳಸುತ್ತಿದ್ದ ಡೈನೈಟ್ರೋಫೀನಾಲ್ ಎಂಬ ದ್ರವ್ಯವು 1933ರಿಂದ ಅಮೆರಿಕದಲ್ಲಿ ಕೊಬ್ಬಿಳಿಸುವ ಔಷಧವಾಯಿತು. ಸುಮಾರು ಒಂದು ಲಕ್ಷ ಜನರು ಸೇವಿಸಿದರು; ಕೆಲವರಿಗೆ ಕಣ್ಣಿನ ಪೊರೆ ಬಂದಿತು, ಕೆಲವರು ಮೈ ಸುಟ್ಟಂತಾಗಿ ಸತ್ತರು; 1938ರಲ್ಲಿ ಅದು ಮನುಷ್ಯರಿಗೆ ಯೋಗ್ಯವಲ್ಲವೆಂದು ನಿರ್ಣಯವಾಯಿತು. ಫೆನ್‌ಫ್ಲೂರಮಿನ್ ಹೃದಯದ ಕವಾಟಗಳನ್ನು ಕೆಡಿಸಿ 1997ರಲ್ಲಿ ಹಿಂದಕ್ಕೆ ಹೋಯಿತು. ರಿಮೋನಬಾಂಟ್ ಮನಸ್ಸನ್ನು ಕೆಡಿಸಿ 2008ರಲ್ಲಿ ಯೂರೋಪಿನಲ್ಲಿ ನಿಂತಿತು. ಸಿಬ್ಯುಟ್ರಮಿನ್ 2010ರಲ್ಲಿ ಹೃದಯಾಘಾತದ ಭಯದಿಂದ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ತೊಲಗಿತು. ದೂರದ ಮಾತೇಕೆ? 2022ರ ಮೇ ತಿಂಗಳಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, 21 ವರ್ಷದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಪ್ರಾಣವನ್ನು ಕಳೆದುಕೊಂಡಳು. ಆ ವಯಸ್ಸಿನವಳಿಗೆ ತನ್ನ ಮೈ ಸಾಲದೆಂದು ಕಲಿಸಿದವರು ಯಾರೆಂದು ನಾವೆಲ್ಲರೂ ಕೇಳಿಕೊಳ್ಳಬೇಕು.

ಈಗ ಬಂದಿರುವ ಹೊಸ ಸೂಜಿಮದ್ದನ್ನು ನಾನು ಅವುಗಳ ಸಾಲಿಗೆ ಸೇರಿಸುವುದಿಲ್ಲ, ನ್ಯಾಯವಾಗಿ ಮಾತನಾಡಬೇಕು. ಸೆಮಾಗ್ಲೂಟೈಡ್ ಎಂಬುದು 68 ವಾರಗಳಲ್ಲಿ ತೂಕವನ್ನು ನೂರಕ್ಕೆ ಸುಮಾರು 15ರಷ್ಟು ಇಳಿಸಿತೆಂದು 2021ರಲ್ಲಿ ಪ್ರಕಟವಾಯಿತು. ಮೊದಲೇ ಹೃದ್ರೋಗವಿದ್ದ 17,604 ಸ್ಥೂಲಕಾಯರ ಪರೀಕ್ಷೆಯಲ್ಲಿ ಹೃದಯಾಘಾತಾದಿಗಳು ಐದನೆಯ ಒಂದು ಪಾಲು ಕಡಿಮೆಯಾದುವೆಂದು 2023ರಲ್ಲಿ ತಿಳಿದುಬಂದಿತು. 2025ರಲ್ಲಿ ಟಿರ್ಜೆಪಟೈಡ್ ಎಂಬುದೂ, ತೂಕಕ್ಕಾಗಿ ಈ ಸೆಮಾಗ್ಲೂಟೈಡ್ ಕೂಡ ಭಾರತಕ್ಕೆ ಬಂದುವು. ರೋಗಿಗೆ ವೈದ್ಯನು ವಿಧಿಸಿದರೆ ಅದು ಚಿಕಿತ್ಸೆ, ನಾಚಿಕೆಪಡಬೇಕಾದುದಿಲ್ಲ. ಆದರೆ ಎರಡು ಮಾತುಗಳುಂಟು. ಮದ್ದನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿದ ತೂಕದಲ್ಲಿ ಮೂರನೆಯ ಎರಡು ಪಾಲನ್ನು ಮರಳಿ ಪಡೆದರು. ಮದುವೆಯ ದಿನಕ್ಕಾಗಿ ಚುಚ್ಚಿಸಿಕೊಳ್ಳುವ ವಸ್ತು ಇದಲ್ಲ. ಎರಡನೆಯದು ನಮ್ಮ ಭಾಷಣಕಾರರಿಗೆ: ಹಾರ್ಮೋನನ್ನು ಹೋಲುವ ವಸ್ತುವೊಂದನ್ನು ವಾರಕ್ಕೊಮ್ಮೆ ಚುಚ್ಚಿದರೆ ಅನ್ನದ ಧ್ಯಾನವು ಅಡಗುವುದಾದರೆ, ಅದುವರೆಗೆ ಅವರಲ್ಲಿ ಕೊರತೆಯಾಗಿದ್ದುದು ಚಾರಿತ್ರ್ಯವೆ? ದೃಢಚಿತ್ತತೆಯು ಸೀಸೆಯಲ್ಲಿ ಮಾರಾಟಕ್ಕೆ ಬಂದಿತೆ?

‘ಹಾಗಾದರೆ ಸ್ಥೌಲ್ಯವು ದೋಷವೇ ಅಲ್ಲವೆ?’ ಎಂದು ಪೂರ್ವಪಕ್ಷಿಯು ಕೇಳುವನು. ದೋಷವೇ ಸರಿ. ಮಧುಮೇಹ, ರಕ್ತದೊತ್ತಡ, ಮಂಡಿನೋವು ಇವು ಅದರ ಹಿಂದೆ ಬರುತ್ತವೆ. ಇದನ್ನು ಮುಚ್ಚಿಡುವವನು ಹಿತೈಷಿಯಲ್ಲ. ಆದರೆ ರೋಗವನ್ನು ಕಣ್ಣಳತೆಯಿಂದ ಅಳೆಯಬಾರದು. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ವೈದ್ಯ ಯುಡ್ಕಿನ್ ಅವರೂ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಿಗೂ 22.3; ಮೈಯ ಕೊಬ್ಬು ಮಾತ್ರ ಆಂಗ್ಲರಲ್ಲಿ ನೂರಕ್ಕೆ 9.1, ಭಾರತೀಯರಲ್ಲಿ 21.2. ತೆಳ್ಳಗೆ ಕಂಡವನು ನಿರ್ಭಯನಲ್ಲ; ದಪ್ಪಗೆ ಕಂಡವಳು ಅಪರಾಧಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ ಅಧಿಕತೂಕದವರು, 18.7 ಮಂದಿ ಕೃಶರು. 57 ಮಂದಿ ರಕ್ತಹೀನರು. ಇಂಥ ದೇಶದಲ್ಲಿ ‘ಊಟ ಬಿಡು’ ಎಂಬುದನ್ನು ಸಾರ್ವತ್ರಿಕ ಉಪದೇಶವಾಗಿ ಮಾಡುವುದು ವಿವೇಕವೆ?

ನನ್ನ ಸಿದ್ಧಾಂತವು ಇಷ್ಟೆ. ಮನೆಯಲ್ಲಿ ಎಲ್ಲರಿಗೂ ಒಂದೇ ಅಡಿಗೆಯಾಗಲಿ. ಕಾಳು, ಸೊಪ್ಪು, ಮಜ್ಜಿಗೆ ಹೆಚ್ಚಲಿ, ಸಕ್ಕರೆ ಎಣ್ಣೆಗಳು ಎಲ್ಲರಿಗೂ ಕಡಿಮೆಯಾಗಲಿ. ನಡಿಗೆಯು ಶಿಕ್ಷೆಯಾಗದೆ ಮನೆಮಂದಿಯ ಸಂತೋಷವಾಗಲಿ. ತೂಕದ ಚಿಂತೆಯಿದ್ದವರು ವೈದ್ಯರ ಬಳಿಗೆ ಹೋಗಲಿ, ಜಾಹೀರಾತಿನ ಬಳಿಗಲ್ಲ. ಮಕ್ಕಳ ಮೈಯ ವಿಷಯವಾಗಿ ಮಕ್ಕಳ ಮುಂದೆ ಯಾರೂ ಪರಿಹಾಸ ಮಾಡದಿರಲಿ. ಈ ಕೊನೆಯದಕ್ಕೆ ಹಣವೂ ಬೇಡ, ಶ್ರಮವೂ ಬೇಡ.

ನನ್ನ ಮೊಮ್ಮಗಳು ಈಗ ನನ್ನ ಪಕ್ಕದಲ್ಲಿ ಕುಳಿತು ಊಟಮಾಡುತ್ತಾಳೆ. ಅವಳ ತಟ್ಟೆಯನ್ನು ನಾನು ನೋಡುವುದಿಲ್ಲ. ಅಂದು ತಲೆ ತಗ್ಗಿಸಿದ ಆ ಗೃಹಿಣಿಯು ಈ ಪತ್ರಿಕೆಯನ್ನು ಓದುವವರಾಗಿದ್ದರೆ, ಆ ಚಪ್ಪಾಳೆಯಲ್ಲಿ ನನ್ನ ಕೈ ಸೇರಿರಲಿಲ್ಲವೆಂದೂ, ಎದ್ದು ನಿಂತು ಅಲ್ಲಿಯೇ ಮಾತನಾಡದೆ ಹೋದುದಕ್ಕೆ ನನ್ನನ್ನು ಕ್ಷಮಿಸಬೇಕೆಂದೂ ವಿನಂತಿಸುತ್ತೇನೆ.